ಸುಖಕ್ಕೂ ಒಂದು ಸುತ್ತೋಲೆ

"ಆಫೀಸಿನ ಮೇಜಿನ ಮುಂದೆ ಕೂತು ಊಟ ಮಾಡಬಾರದು ಅಂತ ಕಾನೂನೇ ಇದೆಯಾ?"

"ಇದೆ ಮಾವ. ಫ್ರಾನ್ಸಿನ ಕಾರ್ಮಿಕ ಸಂಹಿತೆಯಲ್ಲೇ ಬರೆದಿದ್ದಾರೆ. ಕೆಲಸ ಮಾಡೋ ಜಾಗದಲ್ಲಿ ನೌಕರರು ಊಟ ಮಾಡೋಕೆ ಮಾಲೀಕ ಬಿಡಬಾರದು. ಕೋವಿಡ್ ಬಂದಾಗ, ಕ್ಯಾಂಟೀನಿನಲ್ಲಿ ಜನ ಸೇರಬಾರದು ಅಂತ, 2021ರಲ್ಲಿ ಸ್ವಲ್ಪ ಕಾಲ ಅದನ್ನ ಸಡಿಲ ಮಾಡಿದ್ರು. ಅದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ ಆಗಿತ್ತು."

ಮಾವ ಕನ್ನಡಕ ತೆಗೆದು ಒರೆಸಿಕೊಂಡರು. ನಿವೃತ್ತರಾಗುವವರೆಗೂ ಕಂದಾಯ ಇಲಾಖೆಯಲ್ಲಿದ್ದವರು. ಪಹಣಿ ಕಟ್ಟುಗಳನ್ನು ಪಕ್ಕಕ್ಕೆ ಸರಿಸಿ, ಅಲ್ಲೇ ಟಿಫಿನ್ ಡಬ್ಬಿ ಬಿಚ್ಚಿ, ಎಡಗೈಯಲ್ಲಿ ಅರ್ಜಿ ತಿರುವುತ್ತಾ ಮೊಸರನ್ನ ಉಂಡವರು. ಹಾಗೆ ಉಣ್ಣುವುದು ಅಪರಾಧವಾಗುವ ದೇಶವೊಂದಿದೆ ಎಂಬುದು ಅವರಿಗೆ ಹೊಸ ವಿಷಯ. ರಜೆಗೆ ಮೈಸೂರಿಗೆ ಬಂದಿದ್ದ ಸೋದರಿಯ ಮಗಳು ಎಂಜಿನಿಯರ್. ದಕ್ಷಿಣ ಫ್ರಾನ್ಸಿನ ಕದರಾಶ್‌ನಲ್ಲಿ ಭಾರತವೂ ಸೇರಿದಂತೆ ಏಳು ಪಾಲುದಾರರು ಕಟ್ಟುತ್ತಿರುವ ಐಟರ್ ಪರಮಾಣು ಸಮ್ಮಿಲನ ಯೋಜನೆಯಲ್ಲಿ ಕೆಲಸ. ಭಾರತ ಇದಕ್ಕೆ ಸೇರಲು ಒಪ್ಪಿದ್ದು 2005ರಲ್ಲಿ. ಯಂತ್ರವನ್ನು ಸುತ್ತುವರಿಯುವ ಸುಮಾರು ಮೂವತ್ತು ಮೀಟರ್ ಎತ್ತರದ ಉಕ್ಕಿನ ಕವಚದ ಭಾಗಗಳು ಗುಜರಾತಿನ ಹಜೀರಾದಲ್ಲಿ ತಯಾರಾಗಿ ಹೋದವು. ಅವುಗಳ ಬೆನ್ನಿಗೇ ಹೋದ ಭಾರತೀಯ ಕುಟುಂಬಗಳು ಎಕ್ಸ್, ಮನೋಸ್ಕ್, ಪೆರ್ತ್ವಿ ಊರುಗಳಲ್ಲಿ ಮನೆ ಮಾಡಿಕೊಂಡಿವೆ. ಇವಳು ಮಾತ್ರ ಲ್ಯುಬೆರೋಂ ಬೆಟ್ಟದ ದಕ್ಷಿಣ ತಪ್ಪಲಿನ ಒಂದು ಹಳ್ಳಿಯನ್ನು ಆರಿಸಿಕೊಂಡಳು.

"ಹಳ್ಳಿ ಅಂತೀಯ. ನಾನೂ ಭಾನುವಾರದ ಪುರವಣಿಯಲ್ಲಿ ನೋಡಿದೀನಿ. ಲ್ಯಾವೆಂಡರ್ ಹೊಲ, ನೀಲಿ ಕಿಟಕಿ, ಟೋಪಿ ಹಾಕ್ಕೊಂಡ ಮುದುಕ. ಅದು ದುಡ್ಡಿದ್ದೋರಿಗೆ ಮಾಡಿಟ್ಟ ಪಟ ಕಣೇ, ಹಳ್ಳಿ ಅಲ್ಲ."

"ಅರ್ಧ ನೀವು ಹೇಳಿದ ಹಾಗೇನೇ" ಎಂದಳು ಅವಳು. ಆ ಪಟವನ್ನು ಜಗತ್ತಿಗೆಲ್ಲ ಹಂಚಿದವರಲ್ಲಿ ಇಂಗ್ಲೆಂಡಿನ ಪೀಟರ್ ಮೇಲ್ ಮುಖ್ಯರು. ಜಾಹೀರಾತು ಕೆಲಸ ಬಿಟ್ಟು ಮೆನೆರ್ಬ್ ಎಂಬ ಹಳ್ಳಿಯಲ್ಲಿ ನೆಲೆಸಿ, 1989ರಲ್ಲಿ 'ಎ ಇಯರ್ ಇನ್ ಪ್ರೊವಾನ್ಸ್' ಪ್ರಕಟಿಸಿದರು. ಪುಸ್ತಕ ಲಕ್ಷಗಟ್ಟಲೆ ಖರ್ಚಾಯಿತು. ಓದಿದವರು ಮನೆ ಹುಡುಕಿಕೊಂಡು ಬಂದು ಬಾಗಿಲು ತಟ್ಟತೊಡಗಿದರು. ಕೊನೆಗೆ ಲೇಖಕರೇ ಮನೆ ಮಾರಿ ಕೆಲವು ವರ್ಷ ಅಮೆರಿಕಕ್ಕೆ ಹೋಗಬೇಕಾಯಿತು. ತಿರುಗಿ ಬಂದಾಗ ಮನೆ ಮಾಡಿದ್ದು ಬೆಟ್ಟದ ಇನ್ನೊಂದು ಮಗ್ಗುಲಿನಲ್ಲಿ.

"ಊರನ್ನ ಹೊಗಳಿದ್ದಕ್ಕೆ ಊರೇ ಬಿಡಬೇಕಾಯ್ತು!" ಮಾವನಿಗೆ ಖುಷಿಯಾಯಿತು. "ಸರಿ, ಪಟ ಬಿಡು. ದಿನ ಹೇಗೆ ನಡೆಯುತ್ತೆ, ಅದು ಹೇಳು."

ದಿನ ಶುರುವಾಗುವುದು ಬ್ರೆಡ್ಡಿನಿಂದ. ಏಳು ಗಂಟೆಗೆ ಅಂಗಡಿ ಬಾಗಿಲು ತೆರೆಯುವ ಹೊತ್ತಿಗೆ ನಾಲ್ಕೈದು ಜನ ಸಾಲಿನಲ್ಲಿರುತ್ತಾರೆ. ಒಳಗೆ ಕಾಲಿಡುತ್ತಲೇ ಎಲ್ಲರಿಗೂ ಸೇರಿಸಿ ಒಂದು ನಮಸ್ಕಾರ ಹೇಳಲೇಬೇಕು, ಗುರುತಿರಲಿ ಬಿಡಲಿ. ಹೇಳದೆ ನೇರವಾಗಿ "ಎರಡು ಕೊಡಿ" ಎಂದವರಿಗೆ ಬ್ರೆಡ್ ಸಿಗುತ್ತದೆ, ಮುಗುಳ್ನಗೆ ಸಿಗುವುದಿಲ್ಲ. ಮೊಳಕ್ಕಿಂತ ಉದ್ದದ, ಕಾಲು ಕಿಲೋ ತೂಕದ ಬಾಗೆತ್ ಬ್ರೆಡ್ಡನ್ನು ನಡುವೆ ಒಂದು ತುಂಡು ಕಾಗದ ಸುತ್ತಿ ಕೈಗೆ ಕೊಡುತ್ತಾರೆ. ಮನೆ ಮುಟ್ಟುವುದರೊಳಗೆ ಅದರ ತುದಿ ಮಾಯವಾಗಿರುತ್ತದೆ. ಬಿಸಿ ತುದಿಯನ್ನು ಮುರಿದು ದಾರಿಯಲ್ಲೇ ತಿನ್ನುವುದು ಊರಿನ ಮೇಯರ್‌ನಿಂದ ಹಿಡಿದು ಶಾಲೆ ಮಕ್ಕಳವರೆಗೆ ಎಲ್ಲರ ಚಾಳಿ.

"ಇದರಲ್ಲೇನು ಹೆಚ್ಚುಗಾರಿಕೆ? ಇಲ್ಲಿ ಬೇಕರಿ ಇಲ್ವಾ?"

"ಮಾವ, ಅಲ್ಲಿ ಒಳಗೆ ಒಲೆ ಇಲ್ಲದೋರು ಅಂಗಡಿಗೆ ಬ್ರೆಡ್ ಅಂಗಡಿ ಅಂತ ಹೆಸರು ಹಾಕೋ ಹಾಗಿಲ್ಲ."

ಮಾವ ನೆಟ್ಟಗೆ ಕೂತರು. ಇದು ಅವರ ವಲಯ. ಅವಳು ವಿವರಿಸಿದಳು: 1993ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಒಂದು ಆದೇಶ ಹೊರಡಿಸಿತು. 'ಫ್ರೆಂಚ್ ಸಂಪ್ರದಾಯದ ಬ್ರೆಡ್' ಎಂದು ಮಾರಬೇಕಾದರೆ ಹಿಟ್ಟು, ನೀರು, ಉಪ್ಪು, ಹುದುಗು ಇಷ್ಟೇ ಮೂಲ ಸಾಮಗ್ರಿ. ರಾಸಾಯನಿಕ ಸೇರಿಸಬಾರದು, ಯಾವ ಹಂತದಲ್ಲೂ ಹೆಪ್ಪುಗಟ್ಟಿಸಿ ಇಡಬಾರದು. ಐದು ವರ್ಷದ ಮೇಲೆ, 1998ರಲ್ಲಿ, ಅಂಗಡಿಯ ಫಲಕದ ಬಗ್ಗೆಯೇ ಕಾನೂನು ಬಂತು: ಹಿಟ್ಟು ನಾದುವುದು, ಉಬ್ಬಿಸುವುದು, ಬೇಯಿಸುವುದು ಎಲ್ಲವೂ ಮಾರುವ ಜಾಗದಲ್ಲೇ ನಡೆಯಬೇಕು. ಇನ್ನು ರಜೆಯ ವಿಷಯ. ಅನೇಕ ಜಿಲ್ಲೆಗಳಲ್ಲಿ ಬ್ರೆಡ್ ಅಂಗಡಿ ವಾರಕ್ಕೊಂದು ದಿನ ಮುಚ್ಚಲೇಬೇಕೆಂದು ಜಿಲ್ಲಾಡಳಿತದ ಆದೇಶವಿದೆ. ಕಾರ್ಖಾನೆಯ ಬ್ರೆಡ್ ಅಗ್ಗವಾಗಿ ಬಂದು ಹಳ್ಳಿಯ ಒಲೆಗಳು ಒಂದೊಂದಾಗಿ ಆರುತ್ತಿದ್ದಾಗ ಬಂದವು 1993, 1998ರ ಆ ಎರಡು ಕಾನೂನುಗಳು. 2022ರ ನವೆಂಬರ್‌ನಲ್ಲಿ ಬಾಗೆತ್ ಮಾಡುವ ಕುಶಲತೆಯನ್ನು ಯುನೆಸ್ಕೋ ತನ್ನ ಪಟ್ಟಿಗೆ ಸೇರಿಸಿತು. ವಿಚಿತ್ರವೆಂದರೆ ಅದೇ ವರ್ಷದ ಜನವರಿಯಲ್ಲಿ ದೊಡ್ಡ ಸೂಪರ್ ಮಾರ್ಕೆಟ್ ಸರಣಿಯೊಂದು ಬಾಗೆತ್‌ಗೆ 29 ಸೆಂಟ್ ಬೆಲೆ ಕಟ್ಟಿ, ಬ್ರೆಡ್ ಮಾಡುವವರು, ಗಿರಣಿಯವರು, ಗೋಧಿ ಬೆಳೆಯುವವರು ಎಲ್ಲರನ್ನೂ ರೇಗಿಸಿತ್ತು.

"ಹಾಗಾದ್ರೆ ನೀನು ಬೆಳಿಗ್ಗೆ ತಿಂದದ್ದು ಬ್ರೆಡ್ಡಲ್ಲ, ಗೆಜೆಟ್ಟು" ಎಂದರು ಮಾವ.

ತಮಾಷೆಗೆ ಹೇಳಿದ ಮಾತು. ಆದರೂ ಆ ಸಂಜೆಯ ಮಾತೆಲ್ಲ ಇದೇ ದಾರಿ ಹಿಡಿಯಿತು. ಅವಳು ಒಂದು ಸುಖ ಹೇಳುವುದು, ಅವರು ಅದರ ಹಿಂದಿರುವ ಕಡತ ಹುಡುಕುವುದು.

ಸಂತೆಯ ಮಾತು ಬಂತು. ಆ ಸೀಮೆಯಲ್ಲಿ ಒಂದೊಂದು ಊರಿಗೆ ಒಂದೊಂದು ದಿನ. ಕುಕುರೋಂನಲ್ಲಿ ಮಂಗಳವಾರ, ರೂಸಿಯೋಂನಲ್ಲಿ ಗುರುವಾರ, ಲೂರ್ಮಾರಾಂನಲ್ಲಿ ಶುಕ್ರವಾರ, ಆಪ್ಟ್‌ನಲ್ಲಿ ಶನಿವಾರ. ಕೂಸ್ತೆಲೆಯ ಭಾನುವಾರದ ಸಂತೆಗೆ ಬೆಳೆದವರೇ ಬಂದು ಮಾರುತ್ತಾರೆ. ಕುಕುರೋಂ ಸಂತೆ ಸೇರುವುದು ಊರ ನಡುವಿನ ಕಲ್ಲುಕಟ್ಟೆಯ ಕೊಳದ ಸುತ್ತ. ಸಾಲಾಗಿ ನಿಂತ ಹಳೆಯ ಪ್ಲೇನ್ ಮರಗಳ ನೆರಳು ನೀರಿನ ಮೇಲೂ ತರಕಾರಿಯ ಮೇಲೂ ಒಟ್ಟಿಗೇ ಬೀಳುತ್ತದೆ. ಬೇಸಿಗೆಯಲ್ಲಿ ಟೊಮೆಟೊ, ಬದನೆ, ಏಪ್ರಿಕಾಟ್, ಅಂಜೂರ. ಚಳಿಗಾಲದಲ್ಲಿ ಕುಂಬಳ, ಎಲೆಕೋಸು, ಆಲಿವ್. ಹಣ್ಣಿನ ವ್ಯಾಪಾರಿ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾನೆ: ತಿನ್ನುವುದು ಇವತ್ತಿಗೋ ನಾಳೆಗೋ? ಕರಬೂಜ ಇವತ್ತು ಮಧ್ಯಾಹ್ನಕ್ಕೆಂದರೆ ಒಂದನ್ನು ಆರಿಸುತ್ತಾನೆ, ನಾಳೆ ರಾತ್ರಿಗೆಂದರೆ ಇನ್ನೊಂದನ್ನು.

ಕರಬೂಜವೆಂದರೆ ಅಲ್ಲಿ ಕವಯೋಂ ಊರಿನದೇ ಆಗಬೇಕು. ಅದಕ್ಕೊಂದು ದಾಖಲೆಯೂ ಇದೆ. 1864ರಲ್ಲಿ ಕವಯೋಂ ಪುರಸಭೆ ತನ್ನ ಗ್ರಂಥಾಲಯಕ್ಕೆ ಪುಸ್ತಕ ಕಳಿಸಿಕೊಡಿ ಎಂದು 'ತ್ರೀ ಮಸ್ಕೆಟಿಯರ್ಸ್' ಖ್ಯಾತಿಯ ಅಲೆಕ್ಸಾಂಡರ್ ಡ್ಯೂಮಾಗೆ ಬರೆಯಿತು. ತಿನ್ನುವುದರಲ್ಲಿ ಬರೆಯುವಷ್ಟೇ ಹೆಸರಾಗಿದ್ದ ಡ್ಯೂಮಾ ಪುಸ್ತಕ ಕೊಡಲು ಒಪ್ಪಿ, ಬದಲಿಗೆ ಬದುಕಿರುವಷ್ಟು ಕಾಲ ವರ್ಷಕ್ಕೆ ಹನ್ನೆರಡು ಕರಬೂಜ ಕೇಳಿದರು. ಪುರಸಭೆ ನಿರ್ಣಯ ಮಾಡಿತು; 1870ರಲ್ಲಿ ಅವರು ತೀರಿಕೊಳ್ಳುವವರೆಗೆ ಹಣ್ಣು ಹೋಯಿತು.

"ಆಡಿಟ್‌ನೋರು ಆಕ್ಷೇಪಣೆ ಹಾಕಲಿಲ್ವಂತಾ?" ಎಂದು ಕೇಳಿದ ಮಾವ, ಉತ್ತರಕ್ಕೆ ಕಾಯದೆ, "ಸಂತೆ ಸುಂಕ ಯಾರು ವಸೂಲಿ ಮಾಡ್ತಾರೆ?" ಎಂದರು.

"ಪುರಸಭೆಯ ನೌಕರ. ಬೆಳಗಿನ ಜಾವವೇ ಬಂದು ಯಾರಿಗೆ ಎಷ್ಟು ಮೀಟರ್ ಜಾಗ ಅಂತ ಅಳೆದು ಕೊಡ್ತಾನೆ, ಸುಂಕ ತಗೊಂಡು ಚೀಟಿ ಹರೀತಾನೆ. ವರ್ಷವಿಡೀ ಬರೋ ವ್ಯಾಪಾರಿಗಳಿಗೆ ಜಾಗ ಖಾಯಂ. ಬೇಸಿಗೆಯಲ್ಲಿ ಮಾತ್ರ ಸೋಪು, ಟೋಪಿ ಮಾರೋಕೆ ಬರೋರು ಉಳಿದ ಜಾಗಕ್ಕೆ ಕಾಯಬೇಕು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಕಟ್ಟಿ, ಗುಡಿಸಿ, ನೀರು ಹಾಕಿ ತೊಳೆದು ಮುಗಿದಿರುತ್ತೆ. ಒಂದು ಗಂಟೆಗೆ ಅಲ್ಲಿ ಸಂತೆ ನಡೆದಿತ್ತು ಅಂದ್ರೆ ನೀವು ನಂಬಲ್ಲ."

"ನೀನು ಸಸ್ಯಾಹಾರಿ. ನಿನಗೆ ಅಲ್ಲಿ ಬ್ರೆಡ್ಡು, ಹಣ್ಣು ಬಿಟ್ಟರೆ ಏನು ಸಿಗುತ್ತೆ?"

ಬೇಕಾದಷ್ಟು ಸಿಗುತ್ತದೆ, ಕೇಳಿ ತಿನ್ನಬೇಕು ಅಷ್ಟೆ. ಬೇಸಿಗೆಯ ಕೊನೆಗೆ ತಾಜಾ ಹುರುಳಿಕಾಯಿ, ಬೀನ್ಸ್ ಕಾಳು, ಸೀಮೆಬದನೆಯಂಥ ಎಳೆಕಾಯಿ ಬೇಯಿಸಿ, ಇಳಿಸುವ ಹೊತ್ತಿಗೆ ತುಳಸಿಯ ಬಳಗದ ಬೇಸಿಲ್ ಸೊಪ್ಪನ್ನು ಬೆಳ್ಳುಳ್ಳಿ, ಆಲಿವ್ ಎಣ್ಣೆಯೊಂದಿಗೆ ಕುಟ್ಟಿ ಬೆರೆಸುವ 'ಪಿಸ್ತು' ಸಾರು ಹಳ್ಳಿಗೆ ಹಳ್ಳಿಯೇ ಒಟ್ಟಿಗೆ ಕೂತು ಉಣ್ಣುವ ಅಡುಗೆ. ಮಾರ್ಸೇ ಕಡೆ ಕಡಲೆಹಿಟ್ಟು ಕುದಿಸಿ, ಆರಿಸಿ, ಹೋಳು ಮಾಡಿ ಕರಿಯುವ 'ಪನಿಸ್' ಇದೆ. ಬದನೆ-ಟೊಮೆಟೊಗಳ ರತಾತುಯ್ ಇದೆ. ಆದರೆ ಕರಿ ಆಲಿವ್ ಚಟ್ನಿಯಂತೆ ಕಾಣುವ 'ತಪನಾದ್'ನಲ್ಲಿ ಸಣ್ಣ ಮೀನು ಅರೆದಿರುತ್ತಾರೆ. ನೋಡಿ ಮೋಸ ಹೋಗುವವರೇ ಹೆಚ್ಚು. ಶಾಲೆಯ ಮಕ್ಕಳಿಗೆ ವಾರಕ್ಕೊಂದು ಹೊತ್ತು ಮಾಂಸ-ಮೀನಿಲ್ಲದ ಊಟ ಬಡಿಸಬೇಕೆಂದು 2019ರ ನವೆಂಬರ್‌ನಿಂದ ನಿಯಮವಿದೆ. ಅಲ್ಲಿ ಶಾಲೆಯ ಮಧ್ಯಾಹ್ನದ ಊಟವೆಂದರೆ ಒಂದು ಪ್ಲೇಟಲ್ಲ: ಮೊದಲು ಕೋಸಂಬರಿಯಂಥದ್ದು, ಆಮೇಲೆ ಮುಖ್ಯ ಅಡುಗೆ, ಆಮೇಲೆ ಚೀಸ್, ಕೊನೆಗೆ ಹಣ್ಣು. ಮಕ್ಕಳು ಕೂತು, ಚಾಕು-ಚಮಚ ಹಿಡಿದು, ಒಂದಾದ ಮೇಲೊಂದು ಉಣ್ಣುತ್ತಾರೆ.

ಹನ್ನೆರಡರಿಂದ ಎರಡರವರೆಗೆ ಊರು ಮುಚ್ಚಿರುತ್ತದೆ. ಔಷಧದಂಗಡಿ, ಪುರಸಭೆ ಕಚೇರಿ, ಅಂಚೆ, ಕಬ್ಬಿಣದ ಸಾಮಾನಿನ ಅಂಗಡಿ, ಎಲ್ಲ. ಮೊದಮೊದಲು ಹೋದವರಿಗೆ ಇದು ಸೋಮಾರಿತನ ಎನಿಸುತ್ತದೆ; ಬೆಂಗಳೂರಿನವರಿಗೆ ಸಿಟ್ಟೇ ಬರುತ್ತದೆ. ಜುಲೈ ತಿಂಗಳ ಮಧ್ಯಾಹ್ನ ಮೂವತ್ತೈದು ಡಿಗ್ರಿ ಬಿಸಿಲಿನಲ್ಲಿ ಒಮ್ಮೆ ಬೀದಿಗಿಳಿದರೆ ಕಾರಣ ಕೇಳಬೇಕಾಗುವುದಿಲ್ಲ. ಕಲ್ಲಿನ ಮನೆಗಳ ದಪ್ಪ ಗೋಡೆ, ಮುಚ್ಚಿದ ಮರದ ಕಿಟಕಿ, ಒಳಗೆ ಕತ್ತಲೆ, ತಂಪು. ಹೊರಗೆ ಜೀರುಂಡೆಗಳು.

"ಜೀರುಂಡೆ ಗಲಾಟೆಗೆ ನಿದ್ದೆ ಹೇಗೆ ಬರುತ್ತೆ?"

"ಅಭ್ಯಾಸ ಆಗುತ್ತೆ. ಫಾಬ್ರ್ ಅಂತ ಒಬ್ಬ ವಿಜ್ಞಾನಿ ಇದ್ದ. ಅವನು ಜೀರುಂಡೆಗೆ ಕಿವಿ ಕೇಳುತ್ತಾ ಇಲ್ವಾ ಅಂತ ನೋಡೋಕೆ ತೋಪು ಹಾರಿಸಿದ."

ತೋಪು ಎಂದದ್ದೇ ತಡ, ಅಡುಗೆಮನೆಯಲ್ಲಿದ್ದ ಅತ್ತೆಯೂ ಹೊರಗೆ ಬಂದರು. ಜ್ಯಾನ್-ಆನ್ರಿ ಫಾಬ್ರ್ ಬಡ ರೈತರ ಮನೆಯಲ್ಲಿ 1823ರಲ್ಲಿ ಹುಟ್ಟಿ, ಶಾಲಾ ಮೇಷ್ಟ್ರಾಗಿ, ಕೊನೆಗೆ 1879ರಲ್ಲಿ ಸೆರಿನ್ಯಾಂ ಎಂಬ ಹಳ್ಳಿಯಲ್ಲಿ ಕಲ್ಲು-ಮುಳ್ಳಿನ ಒಂದು ತುಂಡು ನೆಲ ಕೊಂಡವರು. ಬೆಳೆಗೆ ಬಾರದ ಆ ನೆಲ ಹುಳುಗಳಿಗೆ ಸ್ವರ್ಗ. ಕಣಜ, ಸಗಣಿಹುಳು, ಜೇಡ, ಜೀರುಂಡೆಗಳನ್ನು ಕೂತು ನೋಡಿ ನೋಡಿ ಹತ್ತು ಸಂಪುಟ ಬರೆದರು. ಮನೆಯ ಮುಂದಿನ ಪ್ಲೇನ್ ಮರದ ಜೀರುಂಡೆಗಳು ಮಾತಿಗೆ, ಚಪ್ಪಾಳೆಗೆ ಜಗ್ಗದಿದ್ದಾಗ, ಊರಹಬ್ಬಕ್ಕೆ ಸಿಡಿಸುವ ಎರಡು ಕದಿನಿಗಳನ್ನು ಹಳ್ಳಿಯವರಿಂದ ತರಿಸಿ ಮರದ ಬುಡದಲ್ಲೇ ಸಿಡಿಸಿದರು. ಕಿಟಕಿ ಗಾಜು ಒಡೆಯದಿರಲೆಂದು ಮೊದಲೇ ತೆರೆದಿಟ್ಟಿದ್ದರು. ಜೀರುಂಡೆಗಳ ಹಾಡು ಒಂದಿಷ್ಟೂ ತಪ್ಪಲಿಲ್ಲ. ಅವಕ್ಕೆ ಕಿವುಡು ಎಂಬ ಅನುಮಾನಕ್ಕೆ ಫಾಬ್ರ್ ಬಂದರು; ಅವಕ್ಕೂ ಕೇಳಿಸುವ ಅಂಗವಿದೆ, ತಮ್ಮ ಜಾತಿಯ ಸ್ವರಕ್ಕೆ ಅದು ಹದಗೊಂಡಿದೆ ಎಂದು ನಂತರದವರು ಕಂಡುಕೊಂಡರು.

"ಈ ಜೀರುಂಡೆಗೂ ಕಾನೂನು ಇದೆ ಅಂತ ಮಾತ್ರ ಹೇಳಬೇಡ" ಎಂದರು ಮಾವ.

ಇದೆ. 2018ರಲ್ಲಿ ವಾರ್ ಜಿಲ್ಲೆಯ ಲ ಬೊಸ್ಸೆ ಎಂಬ ಊರಿಗೆ ರಜೆಗೆ ಬಂದ ಕೆಲವರು ಮೇಯರ್ ಬಳಿ ಹೋಗಿ, ಜೀರುಂಡೆಗಳ ಸದ್ದು ತಡೆಯಲಾಗುತ್ತಿಲ್ಲ, ಔಷಧ ಹೊಡೆಸಿ ಕೊಲ್ಲಿಸಿ ಎಂದು ಕೇಳಿಕೊಂಡರು. ಮರುವರ್ಷ ಪಶ್ಚಿಮದ ಓಲೆರೋಂ ದ್ವೀಪದಲ್ಲಿ ಮಾರಿಸ್ ಎಂಬ ಹುಂಜ ಬೆಳಿಗ್ಗೆ ಕೂಗುತ್ತದೆಂದು ನೆರೆಯವರು ಹೂಡಿದ ಮೊಕದ್ದಮೆಯಲ್ಲಿ ಹುಂಜವೇ ಗೆದ್ದಿತು. ಇಂಥ ಜಗಳಗಳು ಹೆಚ್ಚಿದ ಮೇಲೆ 2021ರ ಜನವರಿಯಲ್ಲಿ ಫ್ರೆಂಚ್ ಸಂಸತ್ತು ಹಳ್ಳಿಗಾಡಿನ ಸದ್ದು ಮತ್ತು ವಾಸನೆಗಳನ್ನೂ ದೇಶದ ಆಸ್ತಿಯೆಂದು ಗುರುತಿಸುವ ಕಾಯಿದೆ ಮಾಡಿತು. ಹುಂಜ, ಚರ್ಚಿನ ಗಂಟೆ, ಸಗಣಿ ಗೊಬ್ಬರ, ಜೀರುಂಡೆ, ಎಲ್ಲ ಅದರ ನೆರಳಿಗೆ ಬಂದವು.

ಮಾವ ಇದನ್ನು ಅತ್ತೆಗೆ ಇನ್ನೊಮ್ಮೆ ಹೇಳಿ ಸಂತೋಷಪಟ್ಟರು.

ಬಿಸಿಲು ಇಳಿದ ಮೇಲೆ ಊರಿನ ಇನ್ನೊಂದು ಮುಖ ಕಾಣುತ್ತದೆ. ಪ್ಲೇನ್ ಮರಗಳ ಕೆಳಗಿನ ಜಲ್ಲಿ ನೆಲದಲ್ಲಿ ಆರೇಳು ಜನ, ಕೈಯಲ್ಲಿ ಕಬ್ಬಿಣದ ಗುಂಡು. ಮುಕ್ಕಾಲು ಕಿಲೋಗೆ ಸ್ವಲ್ಪ ಆಚೀಚೆ ತೂಕ. ಆರರಿಂದ ಹತ್ತು ಮೀಟರ್ ದೂರದಲ್ಲಿ ನಿಂಬೆಹಣ್ಣಿಗಿಂತ ಚಿಕ್ಕದಾದ ಮರದ ಗೋಲಿ. ನೆಲದ ಮೇಲೆ ಗೀಚಿದ ಸಣ್ಣ ವೃತ್ತದೊಳಗೆ ಎರಡೂ ಪಾದ ಊರಿ ನಿಂತು ಎಸೆಯಬೇಕು. ಯಾರ ಗುಂಡು ಗೋಲಿಗೆ ಹತ್ತಿರವೋ ಅವರಿಗೆ ಅಂಕ. ಮೊದಲು 13 ಮುಟ್ಟಿದವರು ಗೆದ್ದರು. ಇದೇ ಪೆತಾಂಕ್. ಒಬ್ಬ ಮೆಲ್ಲಗೆ ಉರುಳಿಸಿ ಹತ್ತಿರ ತಂದು ನಿಲ್ಲಿಸಿದರೆ, ಇನ್ನೊಬ್ಬ ಗಾಳಿಯಲ್ಲೇ ಗುಂಡು ಎಸೆದು ಅದನ್ನು ಹೊಡೆದು ಹಾರಿಸುತ್ತಾನೆ. ಆಟಕ್ಕಿಂತ ವಾದ ಹೆಚ್ಚು. ಯಾವುದು ಹತ್ತಿರ ಎಂದು ಬಗ್ಗಿ ನೋಡುವುದು, ಹೆಜ್ಜೆ ಹಾಕುವುದು, ಜೇಬಿನಿಂದ ಟೇಪು ತೆಗೆದು ಅಳೆಯುವುದು.

"ಸರ್ವೆ! ಇದು ನಮ್ಮ ಆಟ" ಎಂದರು ಮಾವ.

ಆಟ ಹುಟ್ಟಿದ ಕತೆ ಇನ್ನೂ ಚೆನ್ನಾಗಿದೆ. ಮಾರ್ಸೇ ಪಕ್ಕದ ಲಾ ಸ್ಯೋತಾ ಎಂಬ ಬಂದರು ಊರಿನಲ್ಲಿ ಹಿಂದೆ ಆಡುತ್ತಿದ್ದದ್ದು ಉದ್ದ ಅಂಕಣದ ಆಟ. ಮೂರು ಹೆಜ್ಜೆ ಓಡಿ ಎಸೆಯಬೇಕಿತ್ತು. ಜ್ಯೂಲ್ ಲೆನ್ವಾರ್ ಎಂಬ ಒಳ್ಳೆಯ ಆಟಗಾರನಿಗೆ ಕೀಲುವಾತ ಹಿಡಿದು ಓಡಲಾಗದೆ ಬದಿಗೆ ಕೂರಬೇಕಾಯಿತು. ಅವನಿಗಾಗಿ ಗೆಳೆಯ ಪಿತಿಯೋ ಅಂಕಣ ಮೊಟಕು ಮಾಡಿ, ನಿಂತಲ್ಲಿಂದಲೇ ಎಸೆಯುವ ನಿಯಮ ಮಾಡಿದ. 1910ರಲ್ಲಿ ಅದೇ ಊರಿನಲ್ಲಿ ಮೊದಲ ಪಂದ್ಯಾವಳಿ ನಡೆಯಿತು. ಕಾಲು ನೋಯುವ ಒಬ್ಬ ಗೆಳೆಯನಿಗಾಗಿ ಮಾಡಿದ ಆಟವಾದ್ದರಿಂದಲೇ ಇರಬೇಕು, ಎಂಬತ್ತರ ಅಜ್ಜನೂ ಹನ್ನೆರಡರ ಹುಡುಗಿಯೂ ಒಂದೇ ತಂಡದಲ್ಲಿ ಆಡಲು ಇದರಲ್ಲಿ ಅಡ್ಡಿಯಿಲ್ಲ. ಒಂದೂ ಅಂಕ ಗಳಿಸದೆ 13-0ಯಿಂದ ಸೋತವರಿಗೆ ಮಾತ್ರ ಶಿಕ್ಷೆಯಿದೆ. ಕ್ಲಬ್ಬಿನ ಗೋಡೆಯಲ್ಲಿ ಫ್ಯಾನಿ ಎಂಬ ಹೆಂಗಸಿನ ಚಿತ್ರವೋ ಪ್ರತಿಮೆಯೋ ಇರುತ್ತದೆ, ಬೆನ್ನು ತಿರುಗಿಸಿ ನಿಂತಿರುತ್ತಾಳೆ. ಮಂಡಿಯೂರಿ ಅವಳ ಹಿಂಭಾಗಕ್ಕೆ ಮುತ್ತು ಕೊಡಬೇಕು, ಎಲ್ಲರೆದುರು. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದರು.

ಆಟದ ಪಕ್ಕದಲ್ಲೇ ಕೆಫೆ. ಮೇಜಿನ ಮೇಲೆ ಪಾಸ್ತಿಸ್: ಸೋಂಪಿನ ಪರಿಮಳದ, 45 ಡಿಗ್ರಿಯ ಮದ್ಯ. ಒಂದು ಪಾಲಿಗೆ ಐದು ಪಾಲು ತಣ್ಣೀರು ಸುರಿದರೆ ತಿಳಿಹಳದಿ ಬಣ್ಣ ಹಾಲಿನಂತೆ ಬೆಳ್ಳಗಾಗುತ್ತದೆ. ಮದ್ಯದಲ್ಲಿ ಕರಗಿದ್ದ ಸೋಂಪಿನೆಣ್ಣೆ ನೀರಿನಲ್ಲಿ ಕರಗದೆ ಸಣ್ಣ ಹನಿಗಳಾಗಿ ಹರಡುವುದೇ ಕಾರಣ. 1915ರಲ್ಲಿ ಫ್ರಾನ್ಸ್ ಆಬ್ಸಿಂತ್ ಎಂಬ ಸೋಂಪಿನ ಕಡು ಮದ್ಯವನ್ನು ನಿಷೇಧಿಸಿತು. ಮುಂದೆ ಸೋಂಪಿನ ಮದ್ಯಕ್ಕೆ ಮತ್ತೆ ಅನುಮತಿ ಸಿಕ್ಕಿ, 1932ರಲ್ಲಿ ಪೌಲ್ ರಿಕಾರ್ ಎಂಬ ಇಪ್ಪತ್ತಮೂರರ ಹುಡುಗ ಮಾರ್ಸೇಯಲ್ಲಿ ತನ್ನ ಪಾಸ್ತಿಸ್ ಮಾರುಕಟ್ಟೆಗೆ ತಂದ.

"ನೀನು?"

"ನನಗೆ ಬಾದಾಮಿ ಷರಬತ್ತು ಮಾವ. ಅದೂ ಅಲ್ಲಿ ಕೆಫೆಯಲ್ಲಿ ಸಿಗುತ್ತೆ. ಯಾರೂ ಏನೂ ಅನ್ನಲ್ಲ. ಒಂದು ಲೋಟ ಇಟ್ಕೊಂಡು ಎರಡು ಗಂಟೆ ಕೂತರೂ ಎದ್ದೇಳಿ ಅನ್ನಲ್ಲ."

ಮಾವ ನಂಬಿದಂತೆ ಕಾಣಲಿಲ್ಲ. ಯಾವುದನ್ನು ನಂಬಲಿಲ್ಲ ಎಂದು ಹೇಳುವುದು ಕಷ್ಟ.

ಚಳಿಗಾಲದ ಪಟ ಪುರವಣಿಯಲ್ಲಿ ಬರುವುದಿಲ್ಲ. ರೋನ್ ಕಣಿವೆಯಿಂದ ಮಿಸ್ತ್ರಾಲ್ ಗಾಳಿ ನುಗ್ಗುತ್ತದೆ, ಒಣದು, ಕೊರೆಯುವಂಥದ್ದು, ಕೆಲವು ದಿನ ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ. ಹಳೆಯ ತೋಟದ ಮನೆಗಳು ಉತ್ತರಕ್ಕೆ ಬೆನ್ನು ಹಾಕಿ, ಆ ಗೋಡೆಗೆ ಕಿಟಕಿಯನ್ನೇ ಇಡದೆ ನಿಂತಿರುತ್ತವೆ. ಗಂಟೆಗೋಪುರದ ನೆತ್ತಿಗೆ ಕಬ್ಬಿಣದ ಪಂಜರ, ಗಾಳಿ ತೂರಿ ಹೋಗಲೆಂದು. ಡಿಸೆಂಬರ್ 4ರಂದು ಮನೆಮನೆಯಲ್ಲೂ ತಟ್ಟೆಯಲ್ಲಿ ಗೋಧಿಯನ್ನು ಒದ್ದೆ ಹತ್ತಿಯ ಮೇಲೆ ಮೊಳಕೆಗಿಡುತ್ತಾರೆ. ಕ್ರಿಸ್‌ಮಸ್ ಹೊತ್ತಿಗೆ ಪೈರು ಹಸಿರಾಗಿ ನೆಟ್ಟಗೆ ನಿಂತರೆ ಬರುವ ವರ್ಷ ಒಳ್ಳೆಯದು. ಹಬ್ಬದ ರಾತ್ರಿ ಹದಿಮೂರು ಸಿಹಿ: ಒಣ ಅಂಜೂರ, ದ್ರಾಕ್ಷಿ, ಬಾದಾಮಿ, ಆಕ್ರೋಟು, ಬಿಳಿ ಮತ್ತು ಕಪ್ಪು ನುಗಾ, ಆಲಿವ್ ಎಣ್ಣೆಯ ಸಿಹಿ ರೊಟ್ಟಿ, ಹೀಗೆ. ಮನೆಯ ಗೋದಲಿಯಲ್ಲಿ ಮಣ್ಣಿನ ಸಣ್ಣ ಬೊಂಬೆಗಳು. ಕ್ರಾಂತಿಯ ಕಾಲದಲ್ಲಿ ಚರ್ಚುಗಳಿಗೆ ಬೀಗ ಬಿದ್ದಾಗ ಜನ ಮನೆಯಲ್ಲೇ ಗೋದಲಿ ಕಟ್ಟತೊಡಗಿದರು. ಮಾರ್ಸೇಯಲ್ಲಿ ಈ ಬೊಂಬೆಗಳ ಸಂತೆ 1803ರಿಂದ ನಡೆದುಬಂದಿದೆ. ಯೇಸುಕಂದನ ಸುತ್ತ ದೇವದೂತರಷ್ಟೇ ಅಲ್ಲ, ಬ್ರೆಡ್ ಮಾಡುವವ, ಮೀನು ಮಾರುವವಳು, ಸಾಣೆ ಹಿಡಿಯುವವ, ಎದೆಗೆ ಪಟ್ಟಿ ಕಟ್ಟಿಕೊಂಡ ಮೇಯರ್ ಕೂಡ ನಿಂತಿರುತ್ತಾರೆ.

"ದಸರಾ ಗೊಂಬೆಯಲ್ಲಿ ಶೆಟ್ಟಿ ಅಂಗಡಿ ಇಡೋ ಹಾಗೆ" ಎಂದು ಒಳಗಿನಿಂದಲೇ ಅತ್ತೆ ಹೇಳಿದರು.

"ಇಡಲಿ ಬಿಡು. ಮೇಯರ್ ಯಾಕೆ?" ಮಾವ ಬಿಡಲಿಲ್ಲ.

ಅದೇ ಸರಿಯಾದ ಪ್ರಶ್ನೆ. ಫ್ರಾನ್ಸಿನಲ್ಲಿ ಸುಮಾರು 35 ಸಾವಿರ ಸ್ಥಳೀಯ ಪುರಸಭೆಗಳಿವೆ. ಇನ್ನೂರು ಜನರ ಊರಿಗೂ ಒಬ್ಬ ಮೇಯರ್, ಒಂದು ಕಚೇರಿ, ಆರು ವರ್ಷಕ್ಕೊಮ್ಮೆ ಚುನಾವಣೆ. ಸಂತೆಯ ದಿನ, ಕಾರಂಜಿಯ ನೀರು, ಪೆತಾಂಕ್ ಅಂಕಣದ ಜಲ್ಲಿ, ಶಾಲೆಯ ಊಟ, ಮರ ಸವರುವ ಕೆಲಸ, ಎಲ್ಲ ಅಲ್ಲಿಂದಲೇ. ಪ್ರವಾಸಿಗರು ಪ್ರಕೃತಿ ಕೊಟ್ಟದ್ದೆಂದು ಫೋಟೋ ತೆಗೆಯುವ ನೆರಳು ಯಾವುದೋ ಹಳೆಯ ಸಭೆಯಲ್ಲಿ ಅಂಗೀಕಾರವಾದ ಖರ್ಚಿನ ಬಾಬತ್ತು.

ಹಳ್ಳಿಯ ಸುಖ ಸನಾತನವೂ ಅಲ್ಲ. ಲಾರೆನ್ಸ್ ವೈಲಿ ಎಂಬ ಅಮೆರಿಕನ್ ಪ್ರಾಧ್ಯಾಪಕ ಹೆಂಡತಿ, ಇಬ್ಬರು ಚಿಕ್ಕ ಗಂಡುಮಕ್ಕಳೊಂದಿಗೆ 1950-51ರಲ್ಲಿ ರೂಸಿಯೋಂನಲ್ಲಿದ್ದು, ಊರಿನ ಹೆಸರು ಬದಲಿಸಿ 1957ರಲ್ಲಿ 'ವಿಲೇಜ್ ಇನ್ ದ ವಾಕ್ಲ್ಯೂಜ್' ಬರೆದರು. ಆಗ ಕಂಡದ್ದು ನಾಳೆಯ ನಂಬಿಕೆ ಕಳೆದುಕೊಂಡ ಜನ. ಎರಡು ಯುದ್ಧ ದಾಟಿ ಬಂದಿದ್ದ ರೈತನೊಬ್ಬ ಏಪ್ರಿಕಾಟ್ ತೋಟ ಹಾಕಲು ಒಪ್ಪಲಿಲ್ಲ; ಹಾಕಿದರೂ ರಷ್ಯ, ಅಮೆರಿಕಗಳು ಬಂದು ಅದನ್ನು ರಣರಂಗ ಮಾಡುತ್ತವೆ ಎಂಬುದು ಅವನ ಲೆಕ್ಕ. 1956ರ ಫೆಬ್ರವರಿಯಲ್ಲಿ ಬೀಸಿದ ಹಿಮಗಾಳಿಗೆ ಪ್ರೊವಾನ್ಸಿನ ಆಲಿವ್ ಮರಗಳು ಸೀಳಿ ಸತ್ತವು. ಎಷ್ಟೋ ರೈತರು ಮತ್ತೆ ಆಲಿವ್ ನೆಡದೆ ದ್ರಾಕ್ಷಿಗೆ ಹೋದರು. ಹತ್ತು ವರ್ಷ ಕಳೆದು ವೈಲಿ ತಿರುಗಿ ಹೋದಾಗ, ಏಪ್ರಿಕಾಟ್ ಬೇಡವೆಂದಿದ್ದವನು ತೋಟ ಹಾಕಿದ್ದ.

ಅದೇ ರೂಸಿಯೋಂನಲ್ಲಿ, ಅದಕ್ಕೂ ಮೊದಲು, 1942ರಿಂದ ಜರ್ಮನರ ಕಣ್ಣು ತಪ್ಪಿಸಿ ಅಡಗಿದ್ದವನು ಸ್ಯಾಮ್ಯುಯೆಲ್ ಬೆಕೆಟ್. ಹೊಟ್ಟೆಪಾಡಿಗೆ ರೈತರ ಹೊಲದಲ್ಲಿ ದುಡಿದ, ದ್ರಾಕ್ಷಿ ಕೊಯ್ದ. ಮುಂದೆ ಅವನು ಬರೆದ, 'ಗೋದೋ'ಗಾಗಿ ಕಾಯುವ ನಾಟಕದ ಫ್ರೆಂಚ್ ಪಠ್ಯದಲ್ಲಿ ಆ ಊರಿನ ದ್ರಾಕ್ಷಿ ಬೆಳೆಗಾರನ ಹೆಸರು ಸೇರಿಕೊಂಡಿತು.

"ಈಗ ಅಂಥಾ ಭಯ ಇಲ್ಲ ಅನ್ನು."

"ಭಯ ಬೇರೆ ಇದೆ ಮಾವ. ನೀರು." 2022ರ ಬರದಲ್ಲಿ ವಾರ್ ಜಿಲ್ಲೆಯ ಸೆಯಾನ್ ಹಳ್ಳಿಗೆ ಟ್ಯಾಂಕರ್ ನೀರು ಹೋಯಿತು, ತಲೆಗೆ ದಿನಕ್ಕೆ ಇಷ್ಟೇ ಲೀಟರ್ ಎಂದು ಮಿತಿ ಹಾಕಿದರು. ಮರುವರ್ಷ ಆ ಹಳ್ಳಿಯಿರುವ ಫಾಯಾನ್ಸ್ ಸೀಮೆಯ ಒಂಬತ್ತು ಪುರಸಭೆಗಳು ಸೇರಿ, ಕೆಲವು ವರ್ಷ ಹೊಸ ಮನೆಗೆ ಪರವಾನಗಿಯೇ ಇಲ್ಲ ಎಂದು ನಿರ್ಧರಿಸಿದವು. ಇನ್ನೊಂದು ಭಯ, ಮುಚ್ಚಿದ ಕಿಟಕಿಗಳದ್ದು. ಫ್ರಾನ್ಸಿನ ಹತ್ತು ಮನೆಗಳಲ್ಲಿ ಹತ್ತಿರಹತ್ತಿರ ಒಂದು, ರಜೆಗೆಂದು ಇಟ್ಟುಕೊಂಡ ಎರಡನೇ ಮನೆ; ಲ್ಯುಬೆರೋಂನ ಹೆಸರುವಾಸಿ ಹಳ್ಳಿಗಳಲ್ಲಿ ಅದು ಇನ್ನೂ ಹೆಚ್ಚು. ಆಗಸ್ಟಿನಲ್ಲಿ ಗಾಡಿ ನಿಲ್ಲಿಸಲು ಜಾಗವಿಲ್ಲ, ಜನವರಿಯಲ್ಲಿ ಬೀದಿಯಲ್ಲಿ ದೀಪವಿಲ್ಲ. ಬ್ರೆಡ್ ಅಂಗಡಿ ನಡೆಯುವುದು ಜನವರಿಯಲ್ಲೂ ಬ್ರೆಡ್ ಕೊಳ್ಳುವವರಿದ್ದರೆ ಮಾತ್ರ. 1960ರಲ್ಲಿ ದೇಶದಲ್ಲಿ ಎರಡು ಲಕ್ಷದಷ್ಟಿದ್ದ ಕೆಫೆಗಳು ಈಗ ನಲವತ್ತು ಸಾವಿರಕ್ಕೂ ಕೆಳಗೆ ಇಳಿದಿವೆ. 3,500 ಜನಕ್ಕಿಂತ ಕಡಿಮೆ ಇರುವ ಊರುಗಳಲ್ಲಿ ಮತ್ತೆ ಕೆಫೆ ತೆರೆಸಲು 2019ರಲ್ಲಿ 'ಸಾವಿರ ಕೆಫೆ' ಎಂಬ ಯೋಜನೆ ಹುಟ್ಟಿದ್ದೇ ಇದಕ್ಕೆ.

"ಎರಡನೇ ಮನೆಗೆ ಕಂದಾಯ ಹೇಗೆ?" ಕೊನೆಗೂ ಮಾವ ತಮ್ಮ ಇಲಾಖೆಗೇ ಬಂದರು.

"ವಾಸ ಮಾಡೋ ಮನೆಗೆ ಇದ್ದ ವಾಸತೆರಿಗೆಯನ್ನ 2023ಕ್ಕೆ ಪೂರ್ತಿ ತೆಗೆದ್ರು. ಎರಡನೇ ಮನೆಗೆ ಉಳಿಸಿಕೊಂಡಿದ್ದಾರೆ. ಮನೆಗೆ ಬರ ಇರೋ ಊರು ಅಂತ ಸರ್ಕಾರ ಪಟ್ಟಿ ಮಾಡಿದ ಕಡೆ ಪುರಸಭೆ ಇಷ್ಟಪಟ್ಟರೆ ಅದರ ಮೇಲೆ ಶೇಕಡಾ 60ರವರೆಗೂ ಹೆಚ್ಚುವರಿ ಹಾಕಬಹುದು."

"ಹಾಕ್ತಾರಾ?"

"ಕೆಲವರು ಹಾಕ್ತಾರೆ. ಕೆಲವರಿಗೆ ಪ್ರವಾಸಿಗಳು ಬೇಕು. ಅದಕ್ಕೇ ಜಗಳ."

"ಆ ಜಗಳದಲ್ಲಿ ನಿನ್ನದೂ ಒಂದು ಮತ ಇದೆಯೋ ಇಲ್ವೋ?"

ಇಲ್ಲ. ಐರೋಪ್ಯ ಒಕ್ಕೂಟದ ದೇಶಗಳವರು ಫ್ರಾನ್ಸಿನ ಪುರಸಭೆ ಚುನಾವಣೆಯಲ್ಲಿ ಮತ ಹಾಕಬಹುದು, ಸದಸ್ಯರೂ ಆಗಬಹುದು, ಮೇಯರ್ ಮಾತ್ರ ಆಗುವಂತಿಲ್ಲ. ಬ್ರಿಟನ್ ಒಕ್ಕೂಟ ಬಿಟ್ಟ ಮೇಲೆ, 2020ರ ಚುನಾವಣೆಯಲ್ಲಿ, ಹಳ್ಳಿಗಳ ಸಭೆಗಳಲ್ಲಿ ಕೂತಿದ್ದ ಏಳುನೂರಕ್ಕೂ ಹೆಚ್ಚು ಬ್ರಿಟಿಷ್ ಸದಸ್ಯರು ಮತ್ತೆ ನಿಲ್ಲುವ ಹಕ್ಕು ಕಳೆದುಕೊಂಡರು. ಭಾರತೀಯಳಿಗೆ ಆ ಹಕ್ಕು ಮೊದಲೂ ಇರಲಿಲ್ಲ.

"ಆದ್ರೆ ಸಭೆ ಎಲ್ಲರಿಗೂ ತೆರೆದಿರುತ್ತೆ ಮಾವ. ಯಾರು ಬೇಕಾದ್ರೂ ಹೋಗಿ ಹಿಂದೆ ಕೂತು ಕೇಳಬಹುದು. ಮಾತಾಡೋ ಹಾಗಿಲ್ಲ ಅಷ್ಟೆ."

"ಹೋಗಿದೀಯಾ?"

"ಸಂತೆಗೆ ಪ್ರತಿ ವಾರ ಹೋಗ್ತೀನಿ. ಸಭೆಗೆ ಹೋಗಿಲ್ಲ."

"ಮೊದಲು ಅಲ್ಲಿಗೆ ಹೋಗು" ಎಂದರು ಮಾವ. "ಆ ಕಡೆ ಪ್ರವಾಸ ಹೋಗೋ ನಮ್ಮೋರಿಗೂ ಹೇಳು. ಜುಲೈ, ಆಗಸ್ಟ್ ಬಿಟ್ಟು ಮೇ ತಿಂಗಳಲ್ಲೋ ಸೆಪ್ಟೆಂಬರ್‌ನಲ್ಲೋ ಹೋಗಲಿ, ಊರಿನ ಅಂಗಡಿಯಲ್ಲೇ ಬ್ರೆಡ್ ಕೊಳ್ಳಲಿ, ಪುರಸಭೆ ಬಾಗಿಲಲ್ಲಿ ಅಂಟಿಸಿರೋ ನೋಟೀಸನ್ನೂ ಒಮ್ಮೆ ನಿಂತು ಓದಲಿ."